ಬೋಧಕರ ಓದು ಮತ್ತು ಅಡಿಗೆಮನೆ

ಓದಿಗಾಗಿ ಮನೆ ಬಿಟ್ಟು ಬಂದವರಿಗೆ ಮೊದಲ ವಾರದಲ್ಲಿ ಅತ್ಯಂತ ಕಷ್ಟವಾಗುವುದು ಊಟದ ವಿಷಯ. ಪಾಠ ತಿಳಿಯದಿದ್ದರೆ ಗುರುಗಳನ್ನು ಕೇಳಬಹುದು. ಮುದ್ದೆ ನೆನಪಾದರೆ ಯಾರನ್ನು ಕೇಳುವುದು? ಬೆಳಗೊಳದ ಕಡೆಯ ನನ್ನಂಥವರಿಗೆ ಇದು ಸ್ವಾನುಭವ. ನಮ್ಮ ಹಿರಿಯರ ಕಾಲದಲ್ಲಿ ಮೈಸೂರಿಗೆ ಓದಲು ಹೋದ ಬಡ ಹುಡುಗರು ವಾರಾನ್ನ ಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂದು ಉಂಡು ಪರೀಕ್ಷೆ ಮುಗಿಸುತ್ತಿದ್ದರು. ಹಾಗೆ ಓದಿದವರು ಪುಸ್ತಕದ ವಿದ್ಯೆಯೊಂದಿಗೆ ಊರಿನ ಸ್ವಭಾವವನ್ನೂ ಕಲಿತು ಬಂದರೆಂದು ಹೇಳುವುದುಂಟು. ಆದರೆ ಎಲ್ಲರಿಗೂ ವಾರಾನ್ನ ಸಿಕ್ಕುತ್ತಿರಲಿಲ್ಲ; ಯಾರ ಮನೆಯ ಹುಡುಗನಿಗೆ ಯಾರ ಮನೆಯಲ್ಲಿ ಎಲೆ ಹಾಕಬಹುದೆಂಬುದನ್ನು ಜಾತಿ ನಿರ್ಧರಿಸುತ್ತಿದ್ದಿತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಬೇರೊಂದು ಬಗೆಯ ವಿದ್ಯಾರ್ಥಿಗಳ ವಿಷಯ. ಕ್ರೈಸ್ತ ಸಭೆಯ ಸೇವೆಗಾಗಿ ಶಿಕ್ಷಣ ಪಡೆಯುವವರು ಹೇಗೆ ಬಾಳುತ್ತಾರೆ, ಏನು ಉಣ್ಣುತ್ತಾರೆ, ಅವರ ಹೆಂಡಿರು ಮಕ್ಕಳ ಪಾಡೇನು ಎಂಬುದನ್ನು ನಮ್ಮಲ್ಲಿ ಹೆಚ್ಚು ಜನ ಬಲ್ಲವರಿಲ್ಲ. ಉಳಿದ ವಿದ್ಯಾರ್ಥಿಗಳಿಗೆ ಊಟ ಓದಿಗೆ ಸಹಾಯಕ ಮಾತ್ರ. ಇವರಿಗಾದರೋ ಊಟವೇ ಓದಿನ ಒಂದು ಭಾಗ. ಲೂಕನು ಬರೆದ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ, ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ, ಯಾವ ಮನೆಯವರು ಬರಮಾಡಿಕೊಳ್ಳುವರೋ ಅಲ್ಲಿಯೇ ತಂಗಿ, ಅವರು ಬಡಿಸಿದ್ದನ್ನು ಉಣ್ಣಬೇಕೆಂದು ವಿಧಿಸುತ್ತಾನೆ. ಕೇಳುವುದಕ್ಕೆ ಇದು ಸುಲಭವಾದ ನಿಯಮ. ಆದರೆ ಪಂಕ್ತಿಭೇದವು ಬೇರೂರಿದ್ದ ನಮ್ಮ ದೇಶದಲ್ಲಿ ಇದಕ್ಕಿಂತ ಕಷ್ಟವಾದ ನಿಯಮ ಮತ್ತೊಂದಿರಲಿಲ್ಲ. ಅದನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆ ಮೊದಲು ಎದ್ದ ಸ್ಥಳಗಳಲ್ಲಿ ನಮ್ಮ ಶ್ರೀರಂಗಪಟ್ಟಣವೂ ಒಂದು.

1648-49ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿ ದೇಶದ ಯೇಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದನು. ಅದಕ್ಕೆ ನಾಲ್ವತ್ತು ವರ್ಷಗಳ ಹಿಂದೆ, 1606ರಲ್ಲಿ, ಮಧುರೆಗೆ ಬಂದಿದ್ದ ರಾಬರ್ಟೊ ಡಿ ನೊಬಿಲಿ ಹೊಸದೊಂದು ದಾರಿಯನ್ನು ಹಾಕಿಕೊಟ್ಟಿದ್ದನು. ಮಾಂಸವನ್ನೂ ಮದ್ಯವನ್ನೂ ಬಿಟ್ಟು, ಕಾವಿ ಉಟ್ಟು, ದಿನಕ್ಕೊಂದು ಹೊತ್ತು ಅನ್ನ, ತರಕಾರಿ ಮಾತ್ರ ಉಂಡು, ಸಂನ್ಯಾಸಿಯಂತೆ ಬಾಳುವುದೇ ಆ ದಾರಿ. ಚಿನ್ನಾಮಿಯೂ ಅದನ್ನೇ ಹಿಡಿದನು. ಪರದೇಶದಿಂದ ಬಂದವನು ಕನ್ನಡ ಕಲಿತದ್ದು ಎಷ್ಟು ದೊಡ್ಡ ಸಾಧನೆಯೋ, ಹುಟ್ಟಿದಂದಿನಿಂದ ಅಭ್ಯಾಸವಾದ ರೊಟ್ಟಿ, ಮಾಂಸಗಳನ್ನು ಬಿಟ್ಟು ನಮ್ಮ ಎಲೆಯ ಮುಂದೆ ಚಕ್ಕಂಬಟ್ಟಳೆ ಹಾಕಿ ಕುಳಿತದ್ದೂ ಅಷ್ಟೇ ದೊಡ್ಡ ಸಾಧನೆಯೆಂದು ನನಗೆ ತೋರುತ್ತದೆ.

ಆದರೆ ಈ ಸಾಧನೆಗೆ ಒಂದು ಬೆಲೆ ತೆರಬೇಕಾಯಿತು. ಮೇಲುಜಾತಿಯವರು ಒಪ್ಪುವಂತೆ ಉಣ್ಣುವ ಗುರುವು ಕೀಳೆಂದು ಎಣಿಸಲ್ಪಟ್ಟವರ ಗುಡಿಸಲಿನಲ್ಲಿ ಬಹಿರಂಗವಾಗಿ ಕುಳಿತು ಉಣ್ಣುವಂತಿಲ್ಲ. ಉಂಡರೆ ಮೊದಲನೆಯ ಮನೆಯ ಬಾಗಿಲು ಮುಚ್ಚುತ್ತದೆ. ಈ ತೊಡಕಿನಿಂದ ಪಾರಾಗಲು ಮಧುರೆಯ ಕಡೆ 1640ರಿಂದ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳನ್ನೇ ಏರ್ಪಡಿಸಬೇಕಾಯಿತು. ಒಂದೇ ಸಭೆ, ಒಂದೇ ಬೋಧನೆ; ಎಲೆಗಳು ಮಾತ್ರ ಬೇರೆ ಬೇರೆ. ಬಡಿಸಿದ್ದನ್ನು ಉಣ್ಣಬೇಕೆಂಬ ನಿಯಮವು ಅರ್ಧಕ್ಕೆ ನಿಂತಂತಾಯಿತು.

1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ಬಂದ ಫ್ರಾನ್ಸಿನ ಆಬ್ಬೆ ದುಬಾಯ್ ಅವರ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯುವ ದೇವಾಲಯವಿದೆ. ಜನರು ಅವರನ್ನು ದೊಡ್ಡಸ್ವಾಮಿಗಳೆನ್ನುತ್ತಿದ್ದರು. ಅವರೂ ನಮ್ಮ ಉಡಿಗೆ ತೊಟ್ಟು, ನಮ್ಮ ಆಚಾರಕ್ಕೆ ಹೊಂದಿಕೊಂಡು, ಯುರೋಪಿಯನ್ನರ ಸಹವಾಸವನ್ನು ಆದಷ್ಟು ದೂರವಿಟ್ಟರು. ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳುವಂತೆ ಹಳ್ಳಿಗರ ಮನವೊಲಿಸಿದರು. ಮೂವತ್ತು ವರ್ಷಗಳಷ್ಟು ಕಾಲ ಈ ದೇಶದಲ್ಲಿದ್ದು 1823ರಲ್ಲಿ ಹಿಂತಿರುಗಿದಾಗ, ಹಿಂದೂ ಜನರನ್ನು ತಮ್ಮ ಧರ್ಮಕ್ಕೆ ತರುವುದು ಆಗದ ಕೆಲಸವೆಂದು ಅವರೇ ಬರೆದು ಪ್ರಕಟಿಸಿದರು. ಅವರ ಧರ್ಮಪ್ರಚಾರದ ಸೋಲು ಗೆಲುವುಗಳು ನಮ್ಮ ವಿಷಯವಲ್ಲ. ಒಂದು ನಾಡಿನ ಊಟ ಉಡಿಗೆಗಳನ್ನು ಅಷ್ಟು ಕಾಲ ತನ್ನದಾಗಿಸಿಕೊಂಡವರು ಕೂಡ ಆ ನಾಡಿನ ಮನೆಯೊಳಗೆ ಅತಿಥಿಯಾಗಿಯೇ ಉಳಿದರೆಂಬುದು ಮಾತ್ರ ಗಮನಿಸಬೇಕಾದ ಸಂಗತಿ.

ಇನ್ನು ಕರಾವಳಿಯ ಕಡೆಗೆ ನೋಡೋಣ. ಅಲ್ಲಿ ಬಾಸೆಲ್ ಮಿಶನ್ನಿನವರು ಹಿಡಿದ ದಾರಿ ಬೇರೆ. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮದ ಮೊದಲಿಗನೆಂದು ಪ್ರಸಿದ್ಧನಾದವನು. ಆತನು ತನ್ನ ವಿದ್ಯಾರ್ಥಿಗಳೊಡನೆ ಒಂದೇ ಸೂರಿನಲ್ಲಿ ವಾಸಮಾಡಿ ಅವರ ಊಟವನ್ನೇ ಉಣ್ಣಬೇಕೆಂಬ ಪಕ್ಷದವನಾಗಿದ್ದನು. ಮಿಶನರಿಯು ಬಂಗಲೆಯಲ್ಲಿ ಮೇಜಿನ ಮುಂದೆಯೂ, ಹುಡುಗರು ಹೊರಗೆ ನೆಲದ ಮೇಲೆಯೂ ಕುಳಿತರೆ ಬೋಧನೆಗೆ ಅರ್ಥವಿಲ್ಲವೆಂಬುದು ಆತನ ನಿಲುವು. ಸಂನ್ಯಾಸಿಗಳ ಕ್ರಮದಲ್ಲಿ ಗುರುವೊಬ್ಬನ ಊಟ ಬದಲಾದರೆ ಸಾಕಾಗಿದ್ದಿತು. ಮೋಗ್ಲಿಂಗನ ಕ್ರಮದಲ್ಲಿ ಎಲ್ಲ ಜಾತಿಯಿಂದ ಬಂದ ಹುಡುಗರೂ ಒಂದು ಪಂಕ್ತಿಯಲ್ಲಿ ಕೂಡಬೇಕು.

ಈ ಪಂಕ್ತಿಗೆ ಸೇರಿದವರು ತೆತ್ತ ಬೆಲೆಯೂ ಸಣ್ಣದಲ್ಲ. 1844ರಲ್ಲಿ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯನು ದೀಕ್ಷಾಸ್ನಾನ ಪಡೆದಾಗ, ಹುಟ್ಟಿದ ಮನೆಯ ಪಂಕ್ತಿಯನ್ನು ಬಿಟ್ಟೇ ಹೊರಡಬೇಕಾಯಿತು. ಆತನು ಬಾಸೆಲ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಮಿಶನ್ ಶಾಲೆಯಲ್ಲಿ ಓದಿ, 1851ರಲ್ಲಿ ಗುರುಪಟ್ಟ ಪಡೆದು ಹಿಂತಿರುಗಿ, ಮಂಗಳೂರಿನಲ್ಲಿ ಬೋಧಕರಾಗುವವರಿಗೆ ಪಾಠ ಹೇಳಿದನು. ಹಾಗೆ ಊರು ಮನೆಗಳಿಂದ ಹೊರಬಿದ್ದ ಅನೇಕರಿಗೆ ಕಸಬೂ ತಪ್ಪಿಹೋಗುತ್ತಿದ್ದಿತು. ನೇಯ್ಗೆ, ಹೆಂಚು ಮೊದಲಾದ ಕಾರ್ಖಾನೆಗಳನ್ನು ಮಿಶನ್ ಸ್ಥಾಪಿಸಲು ಇದೂ ಒಂದು ಕಾರಣ. ಉಣ್ಣುವ ಪಂಕ್ತಿ ಬದಲಾದರೆ ದುಡಿಯುವ ದಾರಿಯೂ ಬದಲಾಗುತ್ತಿದ್ದ ಕಾಲವದು.

ಯುರೋಪಿನಿಂದ ಬಂದ ಮಿಶನರಿಗಳ ಸಂಸಾರದ ವಿಷಯದಲ್ಲಿಯೂ ಬಾಸೆಲ್ ಮಿಶನ್ನಿನ ನಿಯಮ ಬಿಗಿಯಾಗಿದ್ದಿತು. ಶಿಕ್ಷಣದ ಕಾಲದಲ್ಲಿ ಮದುವೆಯಿಲ್ಲ. ದೇಶಾಂತರಕ್ಕೆ ಬಂದು ಕೆಲವು ವರ್ಷ ದುಡಿದ ಮೇಲೆ ಬಾಸೆಲ್ಲಿನ ಮಂಡಲಿಯ ಅನುಮತಿ ಬೇಡಬೇಕು. ನಿಘಂಟುಕಾರರಾದ ಫರ್ಡಿನಂಡ್ ಕಿಟ್ಟೆಲರು ಭಾರತಕ್ಕೆ ಬಂದದ್ದು 1853ರಲ್ಲಿ, ಮದುವೆಯಾದದ್ದು 1860ರಲ್ಲಿ. ಈ ದೇಶದ ಬೋಧಕರಾದರೋ ಬಹುಮಟ್ಟಿಗೆ ಸಂಸಾರಿಗಳು. ಆದುದರಿಂದ ಬೋಧಕನ ಹೆಂಡತಿಯೆಂಬ ವ್ಯಕ್ತಿ, ಸಂಬಳವಿಲ್ಲದ ಎರಡನೆಯ ಬೋಧಕಿಯಾಗಿ, ಆಗಿನಿಂದಲೂ ಸಭೆಯ ಭಾರವನ್ನು ಹೊತ್ತುಕೊಂಡು ಬಂದಿದ್ದಾಳೆ.

ಇಂದಿನ ಸ್ಥಿತಿಯನ್ನು ನೋಡುವಾಗ ಎರಡು ಬಗೆಯ ಶಿಕ್ಷಣವನ್ನು ಬೇರ್ಪಡಿಸಿ ಹೇಳಬೇಕು. ರೋಮನ್ ಕಥೋಲಿಕ ಗುರುಗಳು ಅವಿವಾಹಿತರು. ಅವರು ಓದುವ ಸ್ಥಳಕ್ಕೆ ಗುರುಮಠವೆಂದು ಹೆಸರು. 1778ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾದ ಸಂತ ಪೇತ್ರರ ಗುರುಮಠವು 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದಿತು. ಮಂಗಳೂರಿನ ಸಂತ ಜೋಸೆಫರ ಗುರುಮಠವು 1879ರಲ್ಲಿ ಆರಂಭವಾದುದು. ಇಂಥ ಕಡೆ ಊಟದ ಮನೆಯೇ ಸಂಸಾರ. ಹಿಂದಿನ ಗುರುಮಠಗಳಲ್ಲಿ ಊಟದ ಹೊತ್ತಿನಲ್ಲಿ ಮಾತಿಲ್ಲ. ಒಬ್ಬನು ಗಟ್ಟಿಯಾಗಿ ಪುಸ್ತಕ ಓದುವನು, ಉಳಿದವರು ಕೇಳುತ್ತ ಉಣ್ಣುವರು. ತಪಸ್ಸುಕಾಲದ ನಾಲ್ವತ್ತು ದಿನಗಳಲ್ಲಿ ಉಪವಾಸ, ಶುಕ್ರವಾರಗಳಲ್ಲಿ ಮಾಂಸವರ್ಜನ ಮೊದಲಾದುವು ಶಿಕ್ಷಣದ ಅಂಗಗಳು.

ಪ್ರಾಟೆಸ್ಟಂಟ್ ಸಭೆಗಳ ಪಾಲಕರು ಗೃಹಸ್ಥರಾಗಬಹುದು. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೆ ನಾನಾ ರಾಜ್ಯಗಳವರು ಬರುತ್ತಾರೆ. ತುಮಕೂರಿನ ಮತ್ತು ಮಂಗಳೂರಿನ ಸೆಮಿನರಿಗಳು ಒಂದಾಗಿ 1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಬಯಲುಸೀಮೆಯ ಮುದ್ದೆ, ಉತ್ತರದ ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಗಂಜಿ ಇವುಗಳಲ್ಲಿ ಯಾವುದನ್ನು ಉಂಡು ಬೆಳೆದವನಾದರೂ, ನಾಳೆ ಎಲ್ಲಿಗೆ ವರ್ಗವಾಗುವುದೋ ಅಲ್ಲಿಯ ಊಟಕ್ಕೆ ಈಗಲೇ ನಾಲಗೆಯನ್ನು ಪಳಗಿಸಬೇಕು.

ನಮ್ಮ ಕಡೆಯ ಪರಿಚಿತರೊಬ್ಬರು ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಕರಾವಳಿಯಲ್ಲಿದ್ದು ಈ ಓದನ್ನು ನಡೆಸುತ್ತಿದ್ದಾರೆ. ಕಳೆದ ರಜೆಯಲ್ಲಿ ಅವರಲ್ಲಿ ಎರಡು ದಿನ ಇದ್ದು ಬಂದೆ. ಅವರ ತಾಯಿ ನನ್ನ ಕೈಯಲ್ಲಿ ಹತ್ತು ಸೇರು ರಾಗಿಹಿಟ್ಟು, ಹುರುಳಿಕಾಳು ಮತ್ತು ಒಂದು ಮುದ್ದೆಕೋಲನ್ನು ಕಳುಹಿಸಿದ್ದರು. ಮನೆಯೆಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಪುಸ್ತಕಗಳು ಅಕ್ಕಿಯ ಡಬ್ಬದ ಮೇಲೆ. ಬೆಳಗಿನ ಪ್ರಾರ್ಥನೆ, ತರಗತಿ, ಸಂಜೆ ತೋಟದ ಕೆಲಸ, ರಾತ್ರಿ ಗ್ರೀಕ್ ಭಾಷೆಯ ಪಾಠ, ಇವು ಅಣ್ಣನವರ ದಿನಚರಿ. ಅಕ್ಕನವರ ದಿನಚರಿ ಅದಕ್ಕೆ ಮೊದಲೇ ಆರಂಭವಾಗಿ ಅದು ಮುಗಿದ ಮೇಲೆ ಮುಗಿಯುತ್ತದೆ. ಕಳುಹಿಸಿದ ಸಭೆಯವರು ಕೊಡುವ ಹಣದಲ್ಲಿ ತಿಂಗಳು ದಾಟಿಸಬೇಕು. ಮೀನು ಅಗ್ಗವಾದ ದಿನ ಮೀನಿನ ಸಾರು. ಇಲ್ಲದ ದಿನ ಗಂಜಿ, ಚಟ್ನಿ. ಮೊದಲ ವರ್ಷ ಕಿರಿಯ ಮಗು ಕುಚ್ಚಲಕ್ಕಿ ಅನ್ನವನ್ನು ಮುಟ್ಟದೆ ಅಳುತ್ತಿದ್ದಿತಂತೆ. ಈಗ ಅದೇ ಮಗು ಮುದ್ದೆಯನ್ನು ನೋಡಿ, “ಇದೇನಮ್ಮ?” ಎಂದಿತು. ಅಕ್ಕನವರು ಹೊರಳಿ ಒಲೆಯ ಕಡೆಗೆ ನೋಡಿದರು.

“ಡಿಗ್ರಿ ನಿಮ್ಮಣ್ಣನಿಗೆ ಕಣಪ್ಪ, ಪರೀಕ್ಷೆ ನನಗೆ” ಎಂದು ಅವರು ನಗುತ್ತ ಹೇಳಿದರು. ಆ ನಗೆಯೊಳಗೆ ಸ್ವಲ್ಪ ಬೇಸರವೂ ಇದ್ದಿತು. ಅವರು ಊರಿನಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿದ್ದವರು. ಕೆಲಸ ಬಿಟ್ಟು ಬಂದಿದ್ದಾರೆ.

ಮರುದಿನ ಭಾನುವಾರ. ಅಭ್ಯಾಸಕ್ಕಾಗಿ ಅಣ್ಣನವರು ಹಳ್ಳಿಯ ಸಭೆಯೊಂದಕ್ಕೆ ಹೋಗಬೇಕಾಗಿದ್ದಿತು. ನಾನೂ ಜೊತೆಗೆ ಹೋದೆ. ಆರಾಧನೆಯ ತರುವಾಯ ಕೂಲಿ ಮಾಡುವ ಒಬ್ಬ ವಿಧವೆ ನಮ್ಮನ್ನು ಊಟಕ್ಕೆ ಕರೆದಳು. ಆಕೆ ಬಡಿಸಿದ ಮಾಂಸ ನಮ್ಮ ಮನೆಗಳಲ್ಲಿ ಉಣ್ಣತಕ್ಕದ್ದಲ್ಲ. ನಾನು ತಲೆ ತಗ್ಗಿಸಿ ಅನ್ನವನ್ನಷ್ಟೇ ಕಲಸುತ್ತ ಕುಳಿತೆ. ಅಣ್ಣನವರು ಒಂದು ಗಳಿಗೆ ಸುಮ್ಮನಿದ್ದು, ಬಳಿಕ ಉಂಡರು. ಇನ್ನಷ್ಟು ಸಾರನ್ನು ಕೇಳಿ ಹಾಕಿಸಿಕೊಂಡರು. ಆಗ ಆ ಹೆಂಗಸಿನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆತಿಲ್ಲ. ಆಕೆ ನನ್ನ ಎಲೆಯನ್ನೂ ಕಂಡಿದ್ದಳು. ಅದನ್ನೂ ನಾನು ಮರೆತಿಲ್ಲ. ದಾರಿಯಲ್ಲಿ ಬರುವಾಗ ನಾನು ಕೇಳಿದ್ದಕ್ಕೆ ಅಣ್ಣನವರು, “ಕಷ್ಟವಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಬೆಳಿಗ್ಗೆ ಅರ್ಧ ಗಂಟೆ ನಾನು ಹೇಳಿದ್ದನ್ನ ಅವರು ಕೇಳಿದಾರೆ. ಅದು ನಿಜವೋ ಸುಳ್ಳೋ ಅಂತ ನೋಡೋದು ಊಟದಲ್ಲೇ” ಎಂದರು.

ಶ್ರೀರಂಗಪಟ್ಟಣದ ಸಂನ್ಯಾಸಿಗಳಿಂದ ಹಿಡಿದು ಈ ಅಣ್ಣನವರವರೆಗೆ ಮೂರು ಮುಕ್ಕಾಲು ಶತಮಾನಗಳೇ ಕಳೆದಿವೆ. ಒಂದು ಜನರ ಹತ್ತಿರ ಹೋಗಲು ಅವರು ಬಿಡುವುದನ್ನು ತಾನೂ ಬಿಡಬೇಕು. ಮತ್ತೊಂದು ಜನರ ಹತ್ತಿರ ಹೋಗಲು ತಾನು ಬಿಟ್ಟಿರುವುದನ್ನು ಉಣ್ಣಬೇಕು. ಎರಡಕ್ಕೂ ಸಿದ್ಧನಾಗದವನಿಗೆ ದೇವಶಾಸ್ತ್ರದ ಪದವಿ ಬಂದರೂ ಸೇವೆ ಬರಲಾರದು. ಈ ಸಿದ್ಧತೆಯಲ್ಲಿ ಮನೆಯವರ ಪಾಲು ಅರ್ಧಕ್ಕಿಂತ ಹೆಚ್ಚು. ಈಗ ಹೆಂಗಸರೂ ಈ ಶಿಕ್ಷಣವನ್ನು ಪಡೆದು ಸಭಾಪಾಲಕರಾಗುತ್ತಿದ್ದಾರೆ, 2013ರಲ್ಲಿ ಇ. ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ಪರಾದರು. ಹೆಂಡತಿಯು ಗ್ರೀಕ್ ಓದುವಾಗ ಒಲೆಯ ಮುಂದೆ ನಿಲ್ಲುವವರು ಯಾರೆಂಬ ಪ್ರಶ್ನೆಗೂ ಇನ್ನು ಮುಂದೆ ಉತ್ತರ ಹೇಳಬೇಕಾಗುತ್ತದೆ.

ನಾವು ಬೋಧಕರಾಗುವವರಲ್ಲ. ಆದರೆ ನಮ್ಮಲ್ಲಿ ಹಲವರು ಉಪಾಧ್ಯಾಯರಾಗಿ, ಗ್ರಾಮಲೆಕ್ಕಿಗರಾಗಿ, ಗುಮಾಸ್ತರಾಗಿ ಕಾಣದ ಊರುಗಳಿಗೆ ಹೋಗತಕ್ಕವರು. ಅಲ್ಲಿ ಯಾರ ಮನೆಯ ನೀರು ಕುಡಿದೆವು, ಯಾರ ಮನೆಯ ಹೊಸ್ತಿಲಲ್ಲಿ ನೆವ ಹೇಳಿ ಹಿಂತಿರುಗಿದೆವು ಎಂಬುದನ್ನು ಜನರು ನಮ್ಮ ಮಾತಿಗಿಂತ ಮೊದಲು ಗಮನಿಸುತ್ತಾರೆ. ನಮ್ಮ ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಿಯೇ ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆಂಬುದನ್ನು ಒಂದು ದಿನ ಗಮನವಿಟ್ಟು ನೋಡಿದರೆ, ಈ ಪಾಠದಲ್ಲಿ ನಾವು ಎಷ್ಟನೆಯ ತರಗತಿಯಲ್ಲಿದ್ದೇವೆಂಬುದು ತಾನೇ ತಿಳಿಯುವುದು. ಆ ವಿಧವೆಯ ಮನೆಯಲ್ಲಿ ನಾನಂತೂ ತೇರ್ಗಡೆಯಾಗಲಿಲ್ಲ.