ನಿಮಗಿದು ಗೊತ್ತೆ? ಪುಟಿಯದ ದಿಮ್ಮಿ, ಪುಟಿದ ಭಯ

ಲಾರಿ ಹಿಂದೆ ಕಾರು ಓಡಿಸಲು ಪ್ರೇಕ್ಷಕರು ಅಂಜುವಂತೆ ಮಾಡಿದ ಮರದ ದಿಮ್ಮಿಗಳು ನಿಜವಾದ ದಿಮ್ಮಿಗಳೇ ಅಲ್ಲ!

ಹಾಲಿವುಡ್‌ನ 'ಫೈನಲ್ ಡೆಸ್ಟಿನೇಶನ್ 2' (2003) ಚಿತ್ರದಲ್ಲಿ ಲಾರಿಯ ಸರಪಳಿ ಕಳಚುತ್ತದೆ. ದಿಮ್ಮಿಗಳು ಹೆದ್ದಾರಿಗೆ ಉರುಳಿ, ಪುಟಿದು, ಹಿಂದಿನ ವಾಹನಗಳಿಗೆ ಅಪ್ಪಳಿಸುತ್ತವೆ. ಚಿತ್ರತಂಡ ಮೊದಲು ಅಸಲಿ ದಿಮ್ಮಿಗಳನ್ನೇ ಉರುಳಿಸಿ ನೋಡಿತ್ತು. ಅವು ರಸ್ತೆಗೆ ಬಿದ್ದವು, ಆದರೆ ಬೇಕಾದಷ್ಟು ಪುಟಿಯಲಿಲ್ಲ. ಕೊನೆಗೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ದಿಮ್ಮಿಗಳನ್ನು ಸೃಷ್ಟಿಸಿ ಪುಟಿಸಲಾಯಿತು.

2000ರಲ್ಲಿ ಶುರುವಾದ 'ಫೈನಲ್ ಡೆಸ್ಟಿನೇಶನ್' ಸರಣಿಯಲ್ಲಿ 2025ರವರೆಗೆ ಆರು ಚಿತ್ರಗಳು ಬಂದಿವೆ. ಒಂದರಲ್ಲೂ ಚೂರಿ ಹಿಡಿದ ಕೊಲೆಗಾರನಿಲ್ಲ. ಇಲ್ಲಿ ಖಳನಾಯಕ ಸಾವೇ, ಅದಕ್ಕೆ ಮುಖವಿಲ್ಲ. ದೊಡ್ಡ ದುರಂತವೊಂದು ಒಬ್ಬರಿಗೆ ಮೊದಲೇ ಕಾಣಿಸುತ್ತದೆ. ಅವರ ಮಾತಿನಿಂದ ಕೆಲವರು ಪಾರಾಗುತ್ತಾರೆ. ಆಮೇಲೆ ಸಾವು ಬಿಟ್ಟುಹೋದ ಲೆಕ್ಕ ಚುಕ್ತಾ ಮಾಡಲು ಒಬ್ಬೊಬ್ಬರನ್ನೇ ಹುಡುಕಿ ಬರುತ್ತದೆ.

ಅದರ ಆಯುಧಗಳು ಹೆಚ್ಚಾಗಿ ದಿನಬಳಕೆಯ ಸಾಮಾನುಗಳೇ. ಎರಡನೇ ಚಿತ್ರದಲ್ಲಿ ಲಾಟರಿ ಗೆದ್ದ ಯುವಕನೊಬ್ಬ ತನ್ನ ಮನೆಗೆ ಬಿದ್ದ ಬೆಂಕಿಯಿಂದ ಪಾರಾಗಿ ಕೆಳಗಿಳಿಯುತ್ತಾನೆ. ತಾನೇ ಕಿಟಕಿಯಿಂದ ಎಸೆದಿದ್ದ ಸ್ಪ್ಯಾಗೆಟ್ಟಿ ಮೇಲೆ ಕಾಲಿಟ್ಟು ಜಾರಿ ಬೀಳುತ್ತಾನೆ. ಮೇಲಿನಿಂದ ಜಾರಿದ ಕಬ್ಬಿಣದ ಏಣಿ ಅವನ ಕಣ್ಣಿಗೇ ಇಳಿಯುತ್ತದೆ!

ಅಂದ ಹಾಗೆ, ಲೇಖಕ ಜೆಫ್ರಿ ರೆಡಿಕ್ ಮೊದಲು ಈ ಸರಣಿಯ ಮೂಲ ಕಥೆ ಹೆಣೆದದ್ದು ಸಿನಿಮಾಕ್ಕಲ್ಲ, 'ದಿ ಎಕ್ಸ್-ಫೈಲ್ಸ್' ಟಿ.ವಿ. ಧಾರಾವಾಹಿಗೆ.