ಶಾಲಾ ಸಮವಸ್ತ್ರದ ಸಾಧಕ-ಬಾಧಕಗಳು

(ಅಂತಿಮ ಬಿ.ಎ., ತಲ್ಲೂರು)

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಮಾತು. ಉಡುವವನು ಒಬ್ಬನಾದರೂ ಅವನ ಉಡುಪನ್ನು ಅಳೆಯುವ ಕಣ್ಣುಗಳು ನೂರು. ಈ ನೂರು ಕಣ್ಣುಗಳ ಅಳತೆಯಿಂದ ಎಳೆಯ ಮಕ್ಕಳನ್ನು ಪಾರುಮಾಡುವುದೇ ಸಮವಸ್ತ್ರದ ಉದ್ದೇಶವೆಂದು ಒಂದು ಪಕ್ಷದವರು ಹೇಳುತ್ತಾರೆ. ಮಕ್ಕಳೆಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವ ಉಪಾಯ ಇದೆಂದು ಇನ್ನೊಂದು ಪಕ್ಷದವರು ವಾದಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿಯೇ ಎದ್ದ ಪ್ರಶ್ನೆಯೊಂದು ದೇಶದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದ ಮೇಲಂತೂ, ಈ ವಿಷಯವನ್ನು ತೂಗಿನೋಡುವುದು ವಿದ್ಯಾರ್ಥಿಗಳಾದ ನಮಗೆ ಅವಶ್ಯವಾಗಿದೆ.

ಸಮವಸ್ತ್ರದ ಇತಿಹಾಸವು ಕುತೂಹಲಕರವಾದುದು. ಅದರ ಬಹು ಹಳೆಯ ಉದಾಹರಣೆಗಳಲ್ಲೊಂದು ದೊರೆಯುವುದು ಶ್ರೀಮಂತರ ಮಕ್ಕಳಲ್ಲಲ್ಲ, ಅನಾಥರಲ್ಲಿ. 1552ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯು ಬಡ ಹಾಗೂ ಅನಾಥ ಮಕ್ಕಳಿಗೆ ನೀಲಿಯ ಉದ್ದ ನಿಲುವಂಗಿಯನ್ನು ತೊಡಿಸಿತು. ಧರ್ಮಾರ್ಥವಾಗಿ ಕೊಟ್ಟ ಆ ಬಟ್ಟೆಯ ಪದ್ಧತಿ ಮುಂದೆ ಸಿರಿವಂತರ ಶಾಲೆಗಳಿಗೂ ಹಬ್ಬಿ ಪ್ರತಿಷ್ಠೆಯ ಗುರುತಾಯಿತು. ನಮ್ಮ ನೆರೆಯ ಮದ್ರಾಸ್ ರಾಜ್ಯದಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ (1954–63) ಮಧ್ಯಾಹ್ನದ ಊಟದೊಂದಿಗೆ ಉಚಿತ ಸಮವಸ್ತ್ರವನ್ನೂ ಬಡ ಮಕ್ಕಳಿಗೆ ಕೊಡುವ ಏರ್ಪಾಡಾಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರಗಳು ‘ವಿದ್ಯಾವಿಕಾಸ’ ಯೋಜನೆಯ ಮೂಲಕ ಬಂದುವು. ಹೀಗೆ ಸಮವಸ್ತ್ರಕ್ಕೆ ಎರಡು ಮುಖಗಳು ಮೊದಲಿನಿಂದಲೂ ಇವೆ: ಒಂದು ಕೊಡುವ ಮುಖ, ಇನ್ನೊಂದು ಕೇಳುವ ಮುಖ.

ಮೊದಲು ಅದರ ಗುಣಗಳನ್ನು ನೋಡೋಣ. ನಮ್ಮ ತಲ್ಲೂರಿನಂತಹ ಊರಿನ ಒಂದು ತರಗತಿಯಲ್ಲಿ ಗೇರುಬೀಜ ಕಾರ್ಖಾನೆಗೆ ಹೋಗುವ ತಾಯಿಯ ಮಗಳೂ, ಬೆಂಗಳೂರಿನಲ್ಲಿ ಹೋಟೆಲು ಇಟ್ಟವರ ಮಗನೂ, ದೋಣಿಗೆ ಹೋಗುವವರ ಮಗನೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಮೈಮೇಲಿನ ಬಟ್ಟೆ ಒಂದೇ ಆದಾಗ ಇಂದು ಏನು ಉಡಲಿ ಎಂಬ ಚಿಂತೆ ಯಾರಿಗೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗ ವ್ಯಕ್ತಿ. ಶಾಲೆಯಲ್ಲಿದ್ದಷ್ಟು ಕಾಲವೂ ಬಟ್ಟೆಯ ಚಿಂತೆ ನನ್ನನ್ನು ಬಾಧಿಸಲಿಲ್ಲ. ಸಮವಸ್ತ್ರವಿಲ್ಲದ ತರಗತಿಗೆ ಬಂದಾಗಲೇ, ವಾರಕ್ಕೆ ಆರು ದಿನಗಳಿವೆ, ಒಳ್ಳೆಯ ಜೊತೆ ಬಟ್ಟೆಗಳು ಮೂರೇ ಇವೆ ಎಂಬ ಲೆಕ್ಕ ತಿಳಿದುದು. ಈ ಅನುಭವ ನನ್ನೊಬ್ಬರದೇ ಅಲ್ಲವೆಂದು ನಂಬಿದ್ದೇನೆ.

ಇನ್ನು ಬಾಧಕಗಳು. ಸಮವಸ್ತ್ರವು ಶಾಲೆಯ ಆವರಣದೊಳಗೆ ಸಮಾನತೆಯನ್ನು ಉಂಟುಮಾಡುವುದು ನಿಜ. ಆದರೆ ಆವರಣದ ಹೊರಗೆ ಅಸಮಾನತೆಯನ್ನು ಸಾರಿ ಹೇಳುವುದೂ ಅದೇ. ಬೆಳಗಿನ ಹೊತ್ತು ತಲ್ಲೂರು ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತ ಮಕ್ಕಳನ್ನು ನೋಡಿರಿ. ಕೊರಳಪಟ್ಟಿ, ಬೂಟು ತೊಟ್ಟ ಮಗು ಯಾವ ಶಾಲೆಯದು, ಸರ್ಕಾರ ಕೊಟ್ಟ ಬಟ್ಟೆಯ ಮಗು ಯಾವ ಶಾಲೆಯದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ತರಗತಿಯೊಳಗೆ ಬಡತನವನ್ನು ಮುಚ್ಚಿದ ಬಟ್ಟೆಯೇ ಬೀದಿಯಲ್ಲಿ ಅದರ ಬಿರುದಾಗಿ ನಿಲ್ಲುತ್ತದೆ.

ಎರಡನೆಯದು ಖರ್ಚಿನ ಮಾತು. ಸರ್ಕಾರ ಬಟ್ಟೆಯ ತುಂಡನ್ನು ಕೊಟ್ಟಾಗ ಹೊಲಿಗೆಯ ಕೂಲಿ ತಂದೆತಾಯಿಗಳದು. ಅನೇಕ ವೇಳೆ ಜೂನ್ ತಿಂಗಳಿಗೆ ಬೇಕಾದ ಬಟ್ಟೆ ಮಳೆಗಾಲ ಅರ್ಧ ಕಳೆದ ಮೇಲೆ ಕೈಸೇರುತ್ತದೆ. ಖಾಸಗಿ ಶಾಲೆಗಳಲ್ಲಿ ಗೊತ್ತಾದ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬ ಒತ್ತಾಯವೂ ಉಂಟು. ಈ ಕಾರಣದಿಂದಲೇ 1983ರ ಕರ್ನಾಟಕ ಶಿಕ್ಷಣ ಕಾಯಿದೆಯಡಿಯಲ್ಲಿ 1995ರಲ್ಲಿ ಮಾಡಿದ ನಿಯಮಗಳು, ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷಗಳೊಳಗೆ ಬದಲಿಸಕೂಡದೆಂದೂ, ಬದಲಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕೆಂದೂ ವಿಧಿಸಿದುವು. ಈ ನಿಯಮವನ್ನು ಬಲ್ಲ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ?

ಮೂರನೆಯದು ನಮ್ಮ ಕರಾವಳಿಗೆ ವಿಶೇಷವಾದ ಕಷ್ಟ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ ಒಂದೇ ಜೊತೆ ಬಟ್ಟೆಯೆಂದರೆ ಏನೆಂಬುದನ್ನು ತಾಯಂದಿರೇ ಬಲ್ಲರು. ಸಂಜೆ ನೆನೆದು ಬಂದುದನ್ನು ರಾತ್ರಿ ಒಗೆದು, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವಿದರೂ ಬೆಳಿಗ್ಗೆ ಅರೆ ಹಸಿ. ಒಣಗಿದರೆ ಹೊಗೆಯ ವಾಸನೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಗ ಒಣಗುತ್ತದೆಂಬುದು ಸರಿ. ಆದರೆ ಮಾರ್ಚ್ ತಿಂಗಳ ಸೆಕೆಗೆ ಅದೇ ಬಟ್ಟೆ ಮೈಗೆ ಅಂಟಿ ಕಾಡುತ್ತದೆ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಆರಂಭವಾದಾಗ ವರ್ಷಕ್ಕೆ ಎರಡು ಜೊತೆ ಎಂದೂ, ಮಗುವೊಂದಕ್ಕೆ ಗರಿಷ್ಠ 600 ರೂಪಾಯಿ ಎಂದೂ ಗೊತ್ತುಮಾಡಿತ್ತು. ಹಾಗಿದ್ದರೂ ಆ ಎರಡನೆಯ ಜೊತೆಗಾಗಿ ವಿದ್ಯಾರ್ಥಿಯೊಬ್ಬನು ನಮ್ಮ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2019ರಲ್ಲಿ ನ್ಯಾಯಾಲಯವು ಅದನ್ನು ಕೊಡುವಂತೆ ಸರ್ಕಾರಕ್ಕೆ ನಿರ್ದೇಶಿಸಿತು.

ಸಮವಸ್ತ್ರದಿಂದ ಶಿಸ್ತು ಬರುತ್ತದೆಂಬ ವಾದವನ್ನು ಇನ್ನು ಪರೀಕ್ಷಿಸೋಣ. ಅಮೆರಿಕದ ಲಾಂಗ್ ಬೀಚ್ ನಗರದ ಶಾಲೆಗಳು 1994ರಲ್ಲಿ ಸಮವಸ್ತ್ರವನ್ನು ಕಡ್ಡಾಯಮಾಡಿ, ಪುಂಡಾಟ ಕಡಿಮೆಯಾಯಿತೆಂದು ಸಾರಿದುವು. ಆದರೆ 1998ರಲ್ಲಿ ಬ್ರನ್ಸ್‌ಮಾ ಮತ್ತು ರಾಕ್‌ಕ್ವೆಮೋರ್ ಎಂಬ ವಿದ್ವಾಂಸರು ಆ ದೇಶದ ವಿದ್ಯಾರ್ಥಿಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಹಾಜರಿಯಲ್ಲಾಗಲಿ ನಡತೆಯಲ್ಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣುವುದಿಲ್ಲವೆಂದರು. ಇದಕ್ಕೆ ಪ್ರತಿಯಾಗಿ ಆಫ್ರಿಕದ ಕೀನ್ಯಾ ದೇಶದಲ್ಲಿ ಹಿರಿಯ ಪ್ರಾಥಮಿಕ ತರಗತಿಯ ಮಕ್ಕಳಿಗೆ ಸಮವಸ್ತ್ರವನ್ನು ಉಚಿತವಾಗಿ ಹಂಚಿ ನೋಡಿದಾಗ, ಶಾಲೆ ಬಿಡುವವರ ಸಂಖ್ಯೆ ಕಡಿಮೆಯಾದುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒಂದು ಕಡೆ ವಿಧಿಸಿದರು, ಹೆಚ್ಚೇನೂ ಆಗಲಿಲ್ಲ. ಇನ್ನೊಂದು ಕಡೆ ಕೊಟ್ಟರು, ಮಕ್ಕಳು ಶಾಲೆಯಲ್ಲಿ ಉಳಿದರು. ಗುಣವಿರುವುದು ಬಟ್ಟೆಯ ಬಣ್ಣದಲ್ಲಲ್ಲ, ಅದನ್ನು ಕೊಡುವ ಕೈಯಲ್ಲಿ ಎಂದು ಇದರಿಂದ ಊಹಿಸಬಹುದು.

ಈಗ ನಮ್ಮ ಜಿಲ್ಲೆಯ ಪ್ರಕರಣಕ್ಕೆ ಬರೋಣ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತಲೆವಸ್ತ್ರ ಧರಿಸಿದ ಮುಸ್ಲಿಂ ವಿದ್ಯಾರ್ಥಿನಿಯರ ಪ್ರಶ್ನೆ ಎದ್ದಿತು. 2022ರ ಫೆಬ್ರವರಿ ಮೊದಲ ವಾರದಲ್ಲಿ ಅದು ಕುಂದಾಪುರಕ್ಕೂ ಬಂದು, ಇಲ್ಲಿಯ ಸರ್ಕಾರಿ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ವಿದ್ಯಾರ್ಥಿನಿಯರು ಹೊರಗೆ ನಿಂತರು. ಕೇಸರಿ ಶಾಲು ಹೊದ್ದ ವಿದ್ಯಾರ್ಥಿಗಳೂ ಬಂದರು. ಫೆಬ್ರವರಿ 5ರಂದು ಸರ್ಕಾರ ಆಜ್ಞೆ ಹೊರಡಿಸಿತು. ಕೆಲವು ದಿನ ರಾಜ್ಯದ ಪ್ರೌಢಶಾಲೆ, ಕಾಲೇಜುಗಳೇ ಮುಚ್ಚಿದುವು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು, ಸಮವಸ್ತ್ರವನ್ನು ವಿಧಿಸುವುದು ಯುಕ್ತವಾದ ನಿರ್ಬಂಧವೆಂದು ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿದರು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು: ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ತಳ್ಳಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಹೆಣ್ಣುಮಕ್ಕಳ ವಿದ್ಯಾಭ್ಯಾಸವೇ ತಮ್ಮ ಮುಂದಿರುವ ಮುಖ್ಯ ವಿಚಾರವೆಂದು ಅವುಗಳನ್ನು ಮಾನ್ಯಮಾಡಿದರು. ವಿಷಯವು ಹಿರಿಯ ಪೀಠದ ಏರ್ಪಾಡಿಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.

ಅಂತಹ ನ್ಯಾಯವೇತ್ತರೇ ಒಮ್ಮತಕ್ಕೆ ಬಾರದ ಕಡೆ ಬಿ.ಎ. ತರಗತಿಯ ವಿದ್ಯಾರ್ಥಿ ತೀರ್ಪು ಹೇಳಹೊರಡುವುದು ಉದ್ಧಟತನವಾದೀತು. ಎಲ್ಲರೂ ಒಂದೇ ಬಟ್ಟೆಯಲ್ಲಿ ಕುಳಿತಾಗ ಮೂಡುವ ಐಕ್ಯಭಾವವೂ ಬೆಲೆಯುಳ್ಳದ್ದು; ಮನೆಯ ನಂಬಿಕೆಯೊಂದಿಗೆ ಶಾಲೆಗೆ ಬರುವ ಹುಡುಗಿಯ ಮನಸ್ಸೂ ಬೆಲೆಯುಳ್ಳದ್ದು. ಆದರೆ ಒಂದು ಮಾತು ಮಾತ್ರ ನಿರ್ವಿವಾದ: ಆ ದಿನಗಳಲ್ಲಿ ವಾದ ಮಾಡಿದವರು ಯಾರೂ ಪಾಠ ಕಳೆದುಕೊಳ್ಳಲಿಲ್ಲ, ಕಳೆದುಕೊಂಡವರು ವಿದ್ಯಾರ್ಥಿಗಳು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಗೆ ಒಂದು ತಿಂಗಳ ಪಾಠ ತಪ್ಪಿದರೆ ಅದನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಎರಡು ತಿಂಗಳು ತಪ್ಪಿದರೆ ಮದುವೆಯ ಮಾತು ಏಳುತ್ತದೆ. ಇದು ಎಲ್ಲ ಜಾತಿಮತಗಳ ಬಡ ಮನೆಗಳಲ್ಲಿಯೂ ಒಂದೇ.

ಆದುದರಿಂದ ಸಮವಸ್ತ್ರವು ಬೇಕೆ ಬೇಡವೆ ಎನ್ನುವುದಕ್ಕಿಂತ, ಅದು ಮಗುವನ್ನು ಒಳಗೆ ಕರೆಯುತ್ತದೆಯೆ ಹೊರಗೆ ನಿಲ್ಲಿಸುತ್ತದೆಯೆ ಎಂದು ಕೇಳುವುದೇ ಸರಿಯಾದ ಪರೀಕ್ಷೆಯೆಂದು ನನ್ನ ಅಭಿಪ್ರಾಯ. ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಅದು ಇರಲಿ. ಆದರೆ ಎರಡು ಜೊತೆಗಳು, ಹೊಲಿಗೆಯ ಕೂಲಿಯೂ ಸೇರಿ, ಶಾಲೆ ತೆರೆಯುವ ಮೊದಲೇ ಕೈಗೆ ಬರಲಿ. ಬಣ್ಣ, ಬಟ್ಟೆ, ಬೆಲೆಗಳನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳ ಮುಂದೆಯೇ ನಿರ್ಧರಿಸಲಿ. ಬಟ್ಟೆ ಒಣಗಲಿಲ್ಲವೆಂದೋ ಹರಿದಿದೆಯೆಂದೋ ಬಣ್ಣದ ಬಟ್ಟೆಯಲ್ಲಿ ಬಂದ ಮಗುವನ್ನು ಪಾಠದಿಂದ ಹೊರಗೆ ನಿಲ್ಲಿಸುವ ಶಿಕ್ಷೆ ಎಲ್ಲಿಯೂ ಇಲ್ಲದಿರಲಿ. ತಪ್ಪಿದ್ದರೆ ಸಂಜೆ ವಿಚಾರಿಸಬಹುದು, ತಪ್ಪಿದ ಪಾಠ ಸಂಜೆಗೆ ಮರಳಿ ಬಾರದು. ನಾಳೆ ನಮ್ಮಲ್ಲಿ ಅನೇಕರು ಉಪಾಧ್ಯಾಯರಾಗಿ ಶಾಲೆಯ ಬಾಗಿಲಲ್ಲಿ ನಿಲ್ಲುವವರು. ಬಟ್ಟೆ ಇರುವುದು ಮಗುವಿಗಾಗಿ, ಮಗು ಇರುವುದು ಬಟ್ಟೆಗಾಗಿ ಅಲ್ಲ ಎಂಬುದನ್ನು ಆಗ ನಾವು ನೆನಪಿಟ್ಟುಕೊಂಡರೆ, ಸಮವಸ್ತ್ರವು ತನ್ನ ಹೆಸರಿನಲ್ಲಿರುವ ‘ಸಮ’ ಎಂಬ ಮಾತಿಗೆ ಅರ್ಹವಾದೀತು.