ಆಯ ತಪ್ಪದಿರಲು ಕುದುರೆಯ ಪಾಠ

ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. "ಅಮ್ಮ ಬಚ್ಚಲಲ್ಲಿ ಆಯತಪ್ಪಿ ಬಿದ್ದರು" ಎಂಬ ಮಾತು ಕೇಳಿ, ರಜೆಗೂ ಟಿಕೆಟಿಗೂ ಒದ್ದಾಡಿದವರು ನಮ್ಮಲ್ಲಿ ಎಷ್ಟು ಮಂದಿ! ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ನಾವು ದುಡಿಯುತ್ತಿರುವ ಸೌದಿ ಅರೇಬಿಯಾ ಕುದುರೆಗಳ ನಾಡು. ರಿಯಾದಿನಲ್ಲಿ 2020ರಿಂದ ನಡೆಯುತ್ತಿರುವ 2 ಕೋಟಿ ಡಾಲರ್ ಬಹುಮಾನದ ಸೌದಿ ಕಪ್ ಓಟದ ಸುದ್ದಿ ನಮ್ಮ ಕ್ಯಾಂಪುಗಳಿಗೂ ಮುಟ್ಟುತ್ತದೆ. ಆದರೆ ಓಡುವ ಕುದುರೆಗಿಂತ ಮೆಲ್ಲಗೆ ನಡೆಯುವ ಕುದುರೆಯಿಂದ ನಮ್ಮ ಹಿರಿಯರಿಗೆ ಉಪಕಾರ ಹೆಚ್ಚು.

ಕುದುರೆ ನಡೆಯುವಾಗ ಸವಾರನ ಸೊಂಟ ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ಆಡುತ್ತದೆ. ನಾವು ನಡೆಯುವಾಗಲೂ ಹೆಚ್ಚುಕಡಿಮೆ ಹೀಗೆಯೇ. ನಿಮಿಷಕ್ಕೆ ಸುಮಾರು 100 ಹೆಜ್ಜೆ. ಪ್ರತಿ ಹೆಜ್ಜೆಗೂ ಮೈ ಕೊಂಚ ವಾಲುತ್ತದೆ, ಹೊಟ್ಟೆ-ಬೆನ್ನಿನ ಸ್ನಾಯುಗಳು ಅದನ್ನು ನೆಟ್ಟಗೆ ತರುತ್ತವೆ. ಹೀಗೆ ಕಾಲಿಗೆ ಭಾರ ಬೀಳದೆಯೇ ಸಮತೋಲನದ ಅಭ್ಯಾಸವಾಗುತ್ತದೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೊಗೆ ತುತ್ತಾದರು. ಮೊಣಕಾಲಿನ ಕೆಳಗೆ ಶಕ್ತಿಯಿಲ್ಲದಿದ್ದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯ ಬೆಳ್ಳಿ ಪದಕ ಗೆದ್ದರು. ಅವರ ಉದಾಹರಣೆಯಿಂದ ಈ ಚಿಕಿತ್ಸೆಯತ್ತ ಜನರ ಗಮನ ಹರಿಯಿತು. ದಕ್ಷಿಣ ಕೊರಿಯಾದಲ್ಲಿ ಹಿರಿಯರಿಗೆ ಕೆಲವು ವಾರ ಸವಾರಿ ಮಾಡಿಸಿದ ಅಧ್ಯಯನಗಳಲ್ಲಿ ನಿಲುವು, ನಡಿಗೆ ಸುಧಾರಿಸಿದ್ದು ಕಂಡಿದೆ. ಅಧ್ಯಯನಗಳು ಚಿಕ್ಕವು, ಆದರೂ ಭರವಸೆಯವು.

ಒಂದು ಎಚ್ಚರಿಕೆ. ಕಡಲ ದಂಡೆಯಲ್ಲಿ ದುಡ್ಡು ಕೊಟ್ಟು ಮಾಡುವ ಸವಾರಿ ಚಿಕಿತ್ಸೆಯಲ್ಲ. ಇದಕ್ಕೆ ಸಾಧು ಕುದುರೆ, ಪಳಗಿದ ಫಿಸಿಯೋಥೆರಪಿಸ್ಟ್, ಲಗಾಮು ಹಿಡಿಯಲು ಒಬ್ಬರು, ಪಕ್ಕದಲ್ಲಿ ಆಸರೆಗೆ ಜನ ಬೇಕು. ಮೂಳೆ ಸವೆದವರು, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಹತ್ತಲೇಬಾರದು.

ಎಲ್ಲರ ಅಪ್ಪ-ಅಮ್ಮನಿಗೂ ಕುದುರೆ ಸಿಗದು. ಆದರೆ ಅದು ಕಲಿಸುವ ಪಾಠ ಸಿಗುತ್ತದೆ: ಸಮತೋಲನವನ್ನು 60ರ ಮೇಲೂ ಅಭ್ಯಾಸದಿಂದ ಗಳಿಸಬಹುದು. ಪಕ್ಕದಲ್ಲಿ ಯಾರಾದರೂ ಇರುವಾಗ, ಅಡುಗೆಮನೆ ಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಲಿ. ಕೈಯೂರದೆ ಕುರ್ಚಿಯಿಂದ ಕೆಲವು ಬಾರಿ ಎದ್ದು ಕೂರಲಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಲು ನಾವು ದುಡ್ಡು ಕಳಿಸೋಣ.

ಬಿದ್ದ ಸಂಗತಿಯನ್ನು ಹಿರಿಯರು ನಮ್ಮಿಂದ ಮುಚ್ಚಿಡುತ್ತಾರೆ, "ದೂರದಲ್ಲಿರುವ ಮಕ್ಕಳಿಗೆ ಯಾಕೆ ಚಿಂತೆ" ಎಂದು. ಈ ಶುಕ್ರವಾರ ಫೋನ್ ಮಾಡಿದಾಗ ಬಿಪಿ, ಶುಗರ್ ವಿಚಾರಿಸಿದ ಮೇಲೆ ಇನ್ನೊಂದು ಮಾತು ಕೇಳೋಣ: "ಅಮ್ಮಾ, ಎಲ್ಲಾದರೂ ಕಾಲು ಜಾರಿತ್ತಾ?"